ಕೆಂಪಾಚಾರಿಯಿಂದ ಸಿದ್ದಪ್ಪಾಜಿಗೆ: ಕಸುಬು ಕಳೆದವನ ಮರುಹುಟ್ಟಿನ ಕಥನ

1. ಪ್ರವೇಶ

ಹಳೆಯ ಮೈಸೂರು ಸೀಮೆಯ ಮೌಖಿಕ ಮಹಾಕಾವ್ಯಗಳಲ್ಲಿ ಮಂಟೇಸ್ವಾಮಿ ಕಾವ್ಯಕ್ಕೆ ವಿಶಿಷ್ಟವಾದ ಸ್ಥಾನವಿದೆ. ತಂಬೂರಿ, ಗಗ್ಗರ, ತಾಳಗಳೊಡನೆ ನೀಲಗಾರರು ಇದನ್ನು ಹಾಡುತ್ತ ಬಂದಿದ್ದಾರೆ. ಧರೆಗೆ ದೊಡ್ಡವನೆನಿಸಿದ ಮಂಟೇಸ್ವಾಮಿಯು ಕಲ್ಯಾಣಕ್ಕೆ ಹೋಗಿ ಅಲ್ಲಿನ ಶರಣರನ್ನು ಪರೀಕ್ಷಿಸುವುದು, ಅಲ್ಲಿಂದ ದಕ್ಷಿಣಕ್ಕೆ ಬಂದು ಶಿಷ್ಯರನ್ನು ಪಡೆಯುವುದು, ಆ ಶಿಷ್ಯರು ತಮ್ಮ ನೆಲೆಗಳನ್ನು ಕಂಡುಕೊಳ್ಳುವುದು ಈ ಕಾವ್ಯದ ಸ್ಥೂಲ ಚೌಕಟ್ಟು. ಹಾಡುಗಾರರಿಂದ ಹಾಡುಗಾರರಿಗೆ ವಿವರಗಳು ಬೇರೆಯಾಗುತ್ತವೆ. ಚೌಕಟ್ಟು ಮಾತ್ರ ಬಹುಮಟ್ಟಿಗೆ ಸ್ಥಿರವಾಗಿ ಉಳಿದಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಈ ಕಾವ್ಯವನ್ನು ಪ್ರಕಟಿಸಿದ ಮೇಲೆ ಅದು ವಿದ್ವಾಂಸರ ಚರ್ಚೆಗೆ ಹೆಚ್ಚು ಸುಲಭವಾಗಿ ಒದಗಿತು.

ಈ ಚರ್ಚೆಯಲ್ಲಿ ಕಲ್ಯಾಣದ ಪರೀಕ್ಷೆಯ ಭಾಗಕ್ಕೆ ದೊರೆತ ಗಮನ ಅಪಾರ. ಹೊಲಸು ಹೊತ್ತು ಬಂದ ಗುರುವನ್ನು ಕಂಡು ಶರಣರು ಹಿಂಜರಿಯುವ ಸನ್ನಿವೇಶದಲ್ಲಿ ವಚನ ಚಳವಳಿಯ ಬಗೆಗಿನ ತಳಸಮುದಾಯಗಳ ವಿಮರ್ಶೆಯನ್ನು ಕಾಣಲಾಗಿದೆ. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕವು ಇದೇ ಪರಂಪರೆಯನ್ನು ಆಧುನಿಕ ರಂಗಭೂಮಿಗೆ ತಂದಿತು. ಸಿದ್ದಪ್ಪಾಜಿಯ ಭಾಗವಾದರೋ ಬಹುಮಟ್ಟಿಗೆ ಪಂಥದ ವಿಸ್ತರಣೆಯ ಕಥೆಯಾಗಿ, ಪಾಂಚಾಳರಿಗೂ ನೀಲಗಾರ ಪಂಥಕ್ಕೂ ನಡೆದ ಸಂಘರ್ಷದ ನೆನಪಾಗಿ ವಿವರಿಸಲ್ಪಟ್ಟಿದೆ. ಈ ವಿವರಣೆಗಳು ಸಾಧುವಾದವೇ. ಆದರೆ ಅವುಗಳಲ್ಲಿ ಒಂದು ಸರಳ ಸಂಗತಿ ಹಿಂದೆ ಸರಿದಿದೆ: ಸಿದ್ದಪ್ಪಾಜಿಯ ಕಥೆ ಮೊದಲಿಗೆ ತನ್ನ ಕಸುಬನ್ನು ಕಳೆದುಕೊಂಡ ಒಬ್ಬ ಕಮ್ಮಾರನ ಕಥೆ.

ಕಸುಬು ಹೋದ ಮೇಲೆ ಮನುಷ್ಯನಲ್ಲಿ ಉಳಿಯುವುದೇನು, ಅವನು ಮತ್ತೆ ತನ್ನನ್ನು ಯಾವುದರಿಂದ ಕಟ್ಟಿಕೊಳ್ಳುತ್ತಾನೆ ಎಂಬ ಪ್ರಶ್ನೆಯನ್ನು ಈ ಕಥಾನಕ ಹೇಗೆ ನಿರ್ವಹಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಾವ್ಯದ ಉತ್ತರಕ್ಕೆ ಇಂದಿನ ಮಂಡ್ಯ ಸೀಮೆಯಲ್ಲಿ ಎಷ್ಟು ಬೆಲೆಯಿದೆ, ಅದರ ಮಿತಿ ಎಲ್ಲಿದೆ ಎಂಬುದೂ ಇದರೊಡನೆಯೇ ವಿಚಾರಿಸಬೇಕಾದ ವಿಷಯ.

2. ಗುತ್ತಲು: ಎರಡು ದುಡಿಮೆಯ ವ್ಯವಸ್ಥೆಗಳು

ಕಥಾನಕದ ಭೂಗೋಳವನ್ನು ಮೊದಲು ಗಮನಿಸಬೇಕು. ಕೆಂಪಾಚಾರಿಯ ಊರು ಮದ್ದೂರು ತಾಲ್ಲೂಕಿನ ನಿಡಘಟ್ಟ. ಅವನು ಸಿದ್ದಪ್ಪಾಜಿಯಾಗಿ ಕಬ್ಬಿಣದ ಭಿಕ್ಷೆಗೆ ಹೋಗುವ ಹಲಗೂರು ಮಳವಳ್ಳಿ ತಾಲ್ಲೂಕಿನದು. ಗುರು ಮಂಟೇಸ್ವಾಮಿಯ ನೆಲೆಯಾದ ಬೊಪ್ಪೇಗೌಡನಪುರವೂ ಅದೇ ತಾಲ್ಲೂಕಿನಲ್ಲಿದೆ. ಕಾವ್ಯದ ಈ ಊರುಗಳು ಇಂದಿಗೂ ಜನ ಬಸ್ಸು ಹತ್ತಿ ಹೋಗಿಬರುವ ಊರುಗಳು. ಈ ಸೀಮೆಯ ಜಿಲ್ಲಾ ಕೇಂದ್ರವಾದ ಮಂಡ್ಯ ನಗರದೊಳಗೆ ಸೇರಿಹೋಗಿರುವ ಹಳೆಯ ಗ್ರಾಮ ಗುತ್ತಲು. ಅರ್ಕೇಶ್ವರನ ಗುಡಿಯಿರುವ ಈ ಊರು ಈಗ ನಗರದ ಬಡಾವಣೆಯ ರೂಪ ತಾಳಿದೆ. ಹಳ್ಳಿಯೊಂದು ನಗರವಾಗುವಾಗ ದುಡಿಮೆಯ ಅರ್ಥವೂ ಬದಲಾಗುತ್ತದೆ ಎಂಬುದಕ್ಕೆ ಗುತ್ತಲಿನಂಥ ಊರುಗಳು ಸಾಕ್ಷಿ.

ಈ ಬದಲಾವಣೆಗೆ ಎರಡು ಘಟನೆಗಳು ಕಾರಣವಾದವು. ಕೃಷ್ಣರಾಜಸಾಗರದಿಂದ ಹೊರಟ ನಾಲೆ (ಮೊದಲು ಇರ್ವಿನ್ ನಾಲೆ, ಅನಂತರ ವಿಶ್ವೇಶ್ವರಯ್ಯ ನಾಲೆ) ರಾಗಿಯ ಬಯಲಿಗೆ ನೀರು ತಂದಿತು. ಆ ನೀರಿನ ಬೆನ್ನಿಗೇ, ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಮುಂದೆ 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಹೀಗೆ ಜಿಲ್ಲೆಗಿಂತ ಕಾರ್ಖಾನೆಯೇ ಹಳೆಯದು. ಮೈಷುಗರ್ ಎಂದು ಜನ ಕರೆಯುವ ಈ ಕಾರ್ಖಾನೆಯಿಂದಾಗಿಯೇ ಮಂಡ್ಯಕ್ಕೆ ಸಕ್ಕರೆಯ ನಾಡೆಂಬ ಹೆಸರು ಬಂದಿತು.

ನಾಲೆಗೂ ಕಾರ್ಖಾನೆಗೂ ಹಿಂದಿನ ವ್ಯವಸ್ಥೆಯಲ್ಲಿ ಕಸುಬು ಹುಟ್ಟಿನೊಡನೆ ಬರುವಂಥದು. ಕಮ್ಮಾರನು ರೈತನ ಕುಳವನ್ನು ತಟ್ಟಿ ಹದಮಾಡಿಕೊಡುತ್ತಿದ್ದನು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಆಯದ ಕಾಳನ್ನು ಪಡೆಯುತ್ತಿದ್ದನು. ಅವನಿಗೆ ಸಲ್ಲುತ್ತಿದ್ದುದು ಕೂಲಿ ಮಾತ್ರವಲ್ಲ. ಊರಿನ ವರ್ಷಚಕ್ರದಲ್ಲಿ ಒಂದು ಸ್ಥಾನ. ಈ ಸ್ಥಾನ ಜಾತಿಯ ಬಿಗಿಯನ್ನೂ ಒಳಗೊಂಡಿತ್ತೆಂಬುದನ್ನು ಮರೆಯುವಂತಿಲ್ಲ. ಕಾರ್ಖಾನೆಯ ವ್ಯವಸ್ಥೆಯಲ್ಲಿ ಹಾಜರಿ ಪುಸ್ತಕ, ಪಾಳಿಯ ಲೆಕ್ಕ, ತಿಂಗಳ ಸಂಬಳ, ಕಬ್ಬು ನುರಿಸುವ ಹಂಗಾಮು ಬಂದವು. ಹುಟ್ಟಿನ ಕಸುಬಿನಿಂದ ಬಿಡುಗಡೆ ಬಯಸಿದವರಿಗೆ ಇದು ಹೊಸ ಬಾಗಿಲನ್ನು ತೆರೆಯಿತು.

ಎರಡು ವ್ಯವಸ್ಥೆಗಳಲ್ಲಿಯೂ ಸಮಾನವಾದ ಅಂಶವೊಂದಿದೆ. ಕೆಲಸವು ಹೆಸರಿಗೆ ಅಂಟಿಕೊಳ್ಳುತ್ತದೆ. ಹಳೆಯ ವ್ಯವಸ್ಥೆಯಲ್ಲಿ 'ಆಚಾರಿ', 'ಶೆಟ್ಟಿ' ಎಂಬವು ಹೆಸರಿನ ಕೊನೆಗೆ ಸೇರಿದಂತೆ ಹೊಸ ವ್ಯವಸ್ಥೆಯಲ್ಲಿ 'ಮೇಷ್ಟ್ರು', 'ಡ್ರೈವರ್', 'ಲೈನ್‌ಮನ್' ಎಂಬವು ಹೆಸರಿಗೆ ಸೇರಿಕೊಂಡವು. 'ಫ್ಯಾಕ್ಟರಿಯವರು' ಎಂದರೆ ಮಂಡ್ಯದ ಓಣಿಗಳಲ್ಲಿ ಸಾಲ ಹುಟ್ಟುತ್ತಿತ್ತು, ಸಂಬಂಧ ಕುದುರುತ್ತಿತ್ತು. ಕಾರ್ಖಾನೆ ನಷ್ಟಕ್ಕೆ ಸಿಲುಕಿ, ಹಲವು ಹಂಗಾಮುಗಳು ಕಬ್ಬು ನುರಿಸದೆ ನಿಂತು, 2022ರಲ್ಲಿ ಮತ್ತೆ ಆರಂಭವಾಯಿತು. ಆ ನಡುವಿನ ಕಾಲದಲ್ಲಿ ಕಬ್ಬು ಆಲೆಮನೆಗಳಿಗೂ ಖಾಸಗಿ ಕಾರ್ಖಾನೆಗಳಿಗೂ ದಾರಿ ಹುಡುಕಿಕೊಂಡಿತು. ಆದರೆ ಕಾರ್ಖಾನೆಯ ಕೆಲಸವನ್ನೇ ತನ್ನ ಗುರುತಾಗಿ ಮಾಡಿಕೊಂಡವನು ಅಷ್ಟು ಸುಲಭವಾಗಿ ದಾರಿ ಹುಡುಕಿಕೊಳ್ಳಲಾರ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿದಾಗಲೂ ಕಾರ್ಮಿಕ ಕುಟುಂಬಗಳ ಮುಂದೆ ಇದೇ ಪ್ರಶ್ನೆ ಬಂದು ನಿಂತಿತ್ತು. ಸಂಬಳಕ್ಕೆ ಬದಲು ಪರಿಹಾರ ದೊರೆಯಬಹುದು. ಹೆಸರಿಗೆ ಬದಲು ಏನು ದೊರೆಯುತ್ತದೆ?

3. ಹೆಸರಿನ ಲೋಪ

ಈ ಪ್ರಶ್ನೆಯೊಡನೆ ಕಾವ್ಯಕ್ಕೆ ಮರಳಿದಾಗ ಅದರ ಮೊದಲ ನಡೆಯೇ ಅರ್ಥಪೂರ್ಣವಾಗಿ ಕಾಣುತ್ತದೆ. ಮಂಟೇಸ್ವಾಮಿಯು ನಿಡಘಟ್ಟದ ಕಮ್ಮಾರರ ಮನೆಗೆ ಬಂದು ಮಗನನ್ನೇ ಭಿಕ್ಷೆಯಾಗಿ ಬೇಡುತ್ತಾನೆ. ತಂದೆತಾಯಿಗಳು ಒಪ್ಪುವುದಿಲ್ಲ. ದುಡಿಯುವ ಮಗನನ್ನು ಕೊಟ್ಟರೆ ಕುಲುಮೆಯೂ ಕುಲವೂ ನಿಲ್ಲುವುದು ಹೇಗೆ ಎಂಬುದು ಅವರ ಸಂಕಟ. ಕೊನೆಗೆ ಗುರುವಿನ ಮಹಿಮೆಯ ಎದುರು ಮನೆ ಸೋಲುತ್ತದೆ. ಕೆಂಪಾಚಾರಿ ಗುರುವಿನ ಹಿಂದೆ ಹೊರಡುತ್ತಾನೆ. ಮುಂದೆ ಅವನು ಸಿದ್ದಪ್ಪಾಜಿಯಾಗುತ್ತಾನೆ.

ಹೆಸರಿನ ಈ ಬದಲಾವಣೆಯಲ್ಲಿ ಬಿದ್ದುಹೋಗುವುದು 'ಆಚಾರಿ' ಎಂಬ ಭಾಗ, ಅಂದರೆ ಕಸುಬನ್ನು ಸೂಚಿಸುವ ಭಾಗ. ಅದರ ಜಾಗಕ್ಕೆ ಬರುವ 'ಅಪ್ಪಾಜಿ' ಸಂಬಂಧವಾಚಕ. ಮಾಡುವ ಕೆಲಸದಿಂದ ಕರೆಸಿಕೊಳ್ಳುತ್ತಿದ್ದವನು ಇತರರೊಡನೆ ಇರುವ ನಂಟಿನಿಂದ ಕರೆಸಿಕೊಳ್ಳುತ್ತಾನೆ. ಇದನ್ನು ಕಲ್ಯಾಣದ ಶರಣರ ಹೆಸರುಗಳೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳಲ್ಲಿ ಕಾಯಕವು ಮನುಷ್ಯನ ಹೆಸರಿಗೆ ಮುಂಚೆಯೇ ನಿಲ್ಲುತ್ತದೆ. ಕೀಳೆನಿಸಿದ ಕೆಲಸಗಳಿಗೆ ಘನತೆ ತಂದುಕೊಟ್ಟದ್ದು ಕಾಯಕತತ್ವದ ದೊಡ್ಡ ಸಾಧನೆ. ಕಾಯಕವನ್ನು ಮರೆತ ಗಂಡ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ಎಚ್ಚರಿಸಿದ ಕಥೆ ಪ್ರಸಿದ್ಧವೇ ಆಗಿದೆ. ಅಲ್ಲಿ ಕಾಯಕ ಕಾದಿದೆ, ಮಾಡುವವನು ಮರೆತಿದ್ದಾನೆ. ಮಾಡುವವನು ಸಿದ್ಧನಿದ್ದು ಕಾಯಕವೇ ಇಲ್ಲವಾದಾಗ ಏನು ಮಾಡಬೇಕು? ಈ ಪ್ರಶ್ನೆಗೆ ಕಾಯಕತತ್ವದಲ್ಲಿ ನೇರವಾದ ಉತ್ತರ ಸಿಗುವುದು ಕಷ್ಟ. ಮನುಷ್ಯನ ಘನತೆಯನ್ನು ದುಡಿಮೆಯ ಮೇಲೆ ನಿಲ್ಲಿಸಿದ ಯಾವ ತತ್ವಕ್ಕಾದರೂ ಎದುರಾಗುವ ತೊಡಕು ಇದು.

ಕಲ್ಯಾಣವನ್ನು ಪ್ರಶ್ನಿಸಿ ಬಂದ ಗುರುವೊಬ್ಬನು ಶಿಷ್ಯನ ಹೆಸರಿನಿಂದ ಕಸುಬನ್ನು ತೆಗೆಯುವುದು ಆದ್ದರಿಂದ ಆಕಸ್ಮಿಕವಾಗಿ ಕಾಣುವುದಿಲ್ಲ. ಕೆಲಸಕ್ಕೆ ಮುಂಚೆಯೂ ಕೆಲಸದ ಅನಂತರವೂ ಮನುಷ್ಯನಿದ್ದಾನೆ ಎಂಬ ನಿಲುವು ಈ ನಾಮಕರಣದಲ್ಲಿದೆ. ಆದರೂ ಕಾವ್ಯವು ಈ ನಿಲುವನ್ನು ಅಗ್ಗವಾಗಿ ಸ್ಥಾಪಿಸುವುದಿಲ್ಲ. ಹಳೆಯ ಹೆಸರು ಬಿದ್ದ ಕ್ಷಣದಲ್ಲಿಯೇ ಹೊಸ ಹೆಸರು ನಿಲ್ಲುವುದಿಲ್ಲ. ನಡುವೆ ಗವಿ ಬರುತ್ತದೆ.

4. ಗವಿಯ ಕಾಲ

ಗುರುವು ಕೆಂಪಾಚಾರಿಯನ್ನು ದೀರ್ಘಕಾಲ ಗವಿಯೊಳಗೆ ಇರಿಸುತ್ತಾನೆ. ಭಕ್ತಿಪರ ವಿವರಣೆಯಲ್ಲಿ ಇದು ತಪಸ್ಸು; ಆಚರಣೆಗಳ ಅಧ್ಯಯನದ ದೃಷ್ಟಿಯಲ್ಲಿ ದೀಕ್ಷೆಗೆ ಮುಂಚಿನ ಏಕಾಂತ. ಕಸುಬಿನ ದೃಷ್ಟಿಯಿಂದ ನೋಡಿದರೆ ಇದು ಕೆಲಸವಿಲ್ಲದ ಕಾಲ. ಕುಲುಮೆಯಲ್ಲಿ ಕಾಲವನ್ನು ಅಳೆಯುವುದು ತಿದಿಯ ಉಸಿರು ಮತ್ತು ಸುತ್ತಿಗೆಯ ಪೆಟ್ಟು. ಬೆಂಕಿಯ ಬಣ್ಣವನ್ನು ನೋಡಿ ಕಬ್ಬಿಣದ ಹದವನ್ನು ತಿಳಿಯುವ ಕಣ್ಣು ಕಮ್ಮಾರನದು. ಗವಿಯಲ್ಲಿ ಸುತ್ತಿಗೆಯಿಲ್ಲ, ಬೆಂಕಿಯಿಲ್ಲ, ಕಣ್ಣಿಗೆ ಕೆಲಸವೂ ಇಲ್ಲ. ಕಮ್ಮಾರನಿಗೆ ಇದಕ್ಕಿಂತ ಕಠಿಣವಾದ ಸ್ಥಿತಿಯನ್ನು ಕಲ್ಪಿಸುವುದು ಸಾಧ್ಯವಿಲ್ಲ.

ಮಂಡ್ಯದ ಕಾರ್ಖಾನೆ ಸ್ಥಾಪನೆಯಾದ 1933ರಲ್ಲಿಯೇ ಯೂರೋಪಿನಲ್ಲಿ ಕೆಲಸವಿಲ್ಲದ ಕಾಲದ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಆಸ್ಟ್ರಿಯಾದ ವಿಯೆನ್ನಾ ಸಮೀಪದ ಮರಿಯೆಂಥಾಲ್ ಎಂಬ ಊರು ಒಂದೇ ಬಟ್ಟೆ ಗಿರಣಿಯನ್ನು ನಂಬಿ ಬದುಕಿತ್ತು. ಗಿರಣಿ ಮುಚ್ಚಿದ ಮೇಲೆ ಮರೀ ಯಾಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸಲ್ ಎಂಬ ಸಂಶೋಧಕರು ಆ ಊರಿನ ಬದುಕನ್ನು ಅಧ್ಯಯನ ಮಾಡಿದರು. ಬಿಡುವು ಹೆಚ್ಚಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಗಂಡಸರ ನಡಿಗೆ ನಿಧಾನವಾಗಿತ್ತು. ದಿನವನ್ನು ಹೇಗೆ ಕಳೆದೆವೆಂದು ಹೇಳಲು ಅವರಿಗೆ ಕಷ್ಟವಾಗುತ್ತಿತ್ತು. ಮನೆಗೆಲಸದ ಹೆಂಗಸರ ದಿನಕ್ಕೆ ಮಾತ್ರ ಹಿಂದಿನ ಆಕಾರವೇ ಉಳಿದಿತ್ತು. ಕೆಲಸ ಹೋದಾಗ ಕಾಲವು ಬಿಡುವಾಗಿ ಒದಗುವುದಿಲ್ಲ, ಚೂರಾಗಿ ಚದುರುತ್ತದೆ ಎಂಬುದು ಈ ಅಧ್ಯಯನದ ಮುಖ್ಯ ತಿಳಿವಳಿಕೆ.

ಈ ತಿಳಿವಳಿಕೆ ನೀಲಗಾರರ ಕಾವ್ಯಕ್ಕೆ ತನ್ನದೇ ಆದ ರೀತಿಯಲ್ಲಿ ಇದೆ. ಗವಿಯಿಂದ ಹೊರಬರುವ ಕೆಂಪಾಚಾರಿ ಸೊರಗಿದವನು. ಗವಿಯ ಕಾಲವು ತಾನಾಗಿಯೇ ಅವನಿಗೆ ಬಲವನ್ನು ಕೊಡುವುದಿಲ್ಲ. ಇದು ಮಹತ್ವದ ಅಂಶ. ಕಷ್ಟವೇ ಮನುಷ್ಯನನ್ನು ಹದಗೊಳಿಸುತ್ತದೆಂಬ ಮಾತು ಉಪದೇಶದಲ್ಲಿ ಸುಲಭವಾಗಿ ಬರುತ್ತದೆ. ಆದರೆ ಕಬ್ಬಿಣವನ್ನು ಬೆಂಕಿಯಲ್ಲಿ ಬಿಟ್ಟರೆ ಹದವಾಗುವುದಿಲ್ಲ, ಸುಟ್ಟುಹೋಗುತ್ತದೆ ಎಂಬುದು ಕಮ್ಮಾರನಿಗೆ ತಿಳಿದ ಸತ್ಯ. ಹದವಾಗಬೇಕಾದರೆ ಸಕಾಲದಲ್ಲಿ ಹೊರತೆಗೆಯುವ ಕೈ ಬೇಕು. ಕಾವ್ಯದಲ್ಲಿ ಆ ಕೈ ಗುರುವಿನದು. ಕೆಲಸ ಕಳೆದುಕೊಂಡವನನ್ನು ಗವಿಯಿಂದ ಹೊರತರುವ ಕೈ ಇಂದು ಯಾರದು ಎಂಬ ಪ್ರಶ್ನೆಯನ್ನು ಈ ಭಾಗ ಓದುಗರ ಮುಂದೆ ಉಳಿಸುತ್ತದೆ.

5. ಹಲಗೂರು: ಕಬ್ಬಿಣದ ಭಿಕ್ಷೆ

ಗವಿಯಿಂದ ಬಂದ ಶಿಷ್ಯನಿಗೆ ಗುರು ಕೊಡುವ ಅಪ್ಪಣೆ ವಿಚಿತ್ರವಾದುದು: ಹಲಗೂರಿನ ಪಾಂಚಾಳರ ಬಳಿಗೆ ಹೋಗಿ ಕಬ್ಬಿಣವನ್ನು ಭಿಕ್ಷೆಯಾಗಿ ತರಬೇಕು. ಕಮ್ಮಾರನಾಗಿ ಹುಟ್ಟಿದವನನ್ನು ಕಬ್ಬಿಣದಿಂದ ದೂರಮಾಡಿದ ಗುರುವೇ ಅವನನ್ನು ಮತ್ತೆ ಕಬ್ಬಿಣದ ಬಳಿಗೆ ಕಳಿಸುತ್ತಾನೆ. ಇಡೀ ಕಥಾನಕದ ತಿರುಳು ಇಲ್ಲಿದೆ.

ಸಿದ್ದಪ್ಪಾಜಿಯನ್ನು ಬೇರೆ ಯಾವುದೇ ಊರಿಗೆ ಅನ್ನದ ಭಿಕ್ಷೆಗೆ ಕಳಿಸಬಹುದಾಗಿತ್ತು. ಅಲ್ಲಿ ಅವನ ಹಳೆಯ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಕಾವ್ಯವು ಆ ಸುಲಭದ ದಾರಿಯನ್ನು ಹಿಡಿಯುವುದಿಲ್ಲ. ತನ್ನ ಕುಲದವರ ಕುಲುಮೆಯ ಮುಂದೆ, ಒಮ್ಮೆ ತನ್ನ ಕೈಯಲ್ಲಿ ಬಾಗುತ್ತಿದ್ದ ಕಬ್ಬಿಣವನ್ನು ಬೇಡುತ್ತ ಅವನು ನಿಲ್ಲಬೇಕು. ಪಾಂಚಾಳರು ಕೊಡುವುದಿಲ್ಲ; ಅವನನ್ನು ಅವಮಾನಿಸುತ್ತಾರೆ, ಕ್ರೂರವಾದ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಅವೆಲ್ಲವನ್ನೂ ಗೆದ್ದು ಸಿದ್ದಪ್ಪಾಜಿ ಕಬ್ಬಿಣವನ್ನು ಪಡೆಯುತ್ತಾನೆ. ನೀಲಗಾರರು ಹಾಡುವಾಗ ಹಲಗೂರಿನ ಈ ಭಾಗ ಬಹಳ ವಿಸ್ತಾರವಾಗಿ ಬರುತ್ತದೆ.

ಈ ಸಂಘರ್ಷದಲ್ಲಿ ಜಾತಿ ಮತ್ತು ಪಂಥಗಳ ಚರಿತ್ರೆಯ ನೆರಳಿರುವುದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಪಾಂಚಾಳರ ಸಿಟ್ಟಿಗೆ ಇನ್ನೊಂದು ಕಾರಣವನ್ನೂ ಊಹಿಸಬಹುದು. ಕಸುಬು ಬಿಟ್ಟವನು ಕಸುಬಿನಲ್ಲಿ ಉಳಿದವರಿಗೆ ಒಂದು ಬೆದರಿಕೆ. ಇವನಿಗೆ ಆದದ್ದು ತಮಗೂ ಆಗಬಹುದೆಂಬ ಅಂಜಿಕೆ ತಿರಸ್ಕಾರದ ರೂಪದಲ್ಲಿ ಹೊರಬರುತ್ತದೆ. ಕೆಲಸ ಕಳೆದುಕೊಂಡವರು ಹಳೆಯ ಸಹೋದ್ಯೋಗಿಗಳ ಮನೆಯ ದಾರಿಯನ್ನು ತಪ್ಪಿಸಿ ನಡೆಯುವುದಕ್ಕೂ, ಆ ಸಹೋದ್ಯೋಗಿಗಳು ಮಾತನ್ನು ಬೇಗ ಮುಗಿಸುವುದಕ್ಕೂ ಹಿನ್ನೆಲೆಯಾಗಿ ಇದೇ ಅಂಜಿಕೆ ಇರುತ್ತದೆ.

ಕಾವ್ಯದ ಮುಖ್ಯ ಸೂಚನೆ ಇಲ್ಲಿ ಸ್ಪಷ್ಟವಾಗುತ್ತದೆ. ಕಸುಬು ಕಳೆದವನು ಹಳೆಯ ಕಸುಬನ್ನು ಮರೆತು ಹೊಸಬನಾಗುವುದಿಲ್ಲ. ಅದರೊಡನೆ ಬೇರೊಂದು ಸಂಬಂಧವನ್ನು ಪಡೆದು ಹೊಸಬನಾಗುತ್ತಾನೆ. ಕಬ್ಬಿಣ ಅವನ ಒಡೆತನದ ವಸ್ತುವಾಗಿ ಉಳಿದಿಲ್ಲ. ಅವನ ಹೊಟ್ಟೆಪಾಡೂ ಅಲ್ಲ. ಅದು ಈಗ ಗುರುವಿಗಾಗಿ, ಅಂದರೆ ಪರರಿಗಾಗಿ, ಅವನು ಹೊತ್ತು ತರುವ ಭಾರ. ಅನುಭವ ಅದೇ; ಉದ್ದೇಶ ಬೇರೆ. ಇಂದಿನ ಬದುಕಿನಲ್ಲಿ ಇದಕ್ಕೆ ಹೋಲಿಕೆಗಳನ್ನು ಕಾಣುವುದು ಕಷ್ಟವಲ್ಲ. ಕಾರ್ಖಾನೆಯಲ್ಲಿ ಯಂತ್ರವನ್ನು ಬಲ್ಲ ಕೈ ಊರಿನಲ್ಲಿ ರೈತರ ನೀರೆತ್ತುವ ಪಂಪನ್ನು ರಿಪೇರಿ ಮಾಡುವಾಗ, ಆ ಕೈಗೆ ಅದರ ಹಿಂದಿನ ಜಾಣ್ಮೆ ಹಿಂತಿರುಗುತ್ತದೆ. ಅಲ್ಲಿ ದೊರೆಯುವ ಹಣ ಸಂಬಳಕ್ಕೆ ಸಮನಲ್ಲ. ಆದರೆ 'ಇವನನ್ನು ಕರೆಯಿರಿ' ಎಂಬ ಊರಿನವರ ಮಾತು ಹೋದ ಹೆಸರಿನ ಒಂದು ಭಾಗವನ್ನು ಮರಳಿಸುತ್ತದೆ.

6. ಪಂಕ್ತಿಯಲ್ಲಿ ಒಂದು ಎಡೆ

ಸಿದ್ದಪ್ಪಾಜಿ ಕೊನೆಗೆ ನೆಲೆಯಾಗುವುದು ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ. ಪುಷ್ಯಮಾಸದ ಹುಣ್ಣಿಮೆಯಂದು ಚಂದ್ರಮಂಡಲದೊಡನೆ ಆರಂಭವಾಗುವ ಅಲ್ಲಿನ ಐದು ದಿನಗಳ ಜಾತ್ರೆಯಲ್ಲಿ ಪಂಕ್ತಿಸೇವೆಗೆ ಪ್ರಾಮುಖ್ಯವಿದೆ. ಜಾತಿಯ ಭೇದವನ್ನು ಬದಿಗಿಟ್ಟು ಜನ ಸಾಲಾಗಿ ಕುಳಿತು ಉಣ್ಣುತ್ತಾರೆ. ಈ ಆಚರಣೆಯನ್ನು ಸಮಾನತೆಯ ದೃಷ್ಟಿಯಿಂದ ವಿವೇಚಿಸುವುದುಂಟು. ಪ್ರಸ್ತುತ ಚರ್ಚೆಯ ದೃಷ್ಟಿಯಿಂದ ನೋಡಿದರೂ ಅದಕ್ಕೆ ಅರ್ಥವಿದೆ: ಪಂಕ್ತಿಯಲ್ಲಿ ಕೂರುವವನನ್ನು ಏನು ಕೆಲಸವೆಂದು ಕೇಳಿ ಎಡೆ ಹಾಕುವುದಿಲ್ಲ. ಕಣದಲ್ಲಿ ಆಯವನ್ನು ಪಡೆಯಲು ಕಸುಬು ಬೇಕು. ಪಂಕ್ತಿಯಲ್ಲಿ ಎಡೆಯನ್ನು ಪಡೆಯಲು ಬಂದು ಕುಳಿತರೆ ಸಾಕು. ಕಸುಬಿನ ಹೆಸರು ಕಳಚಿ ನಂಟಿನ ಹೆಸರು ಪಡೆದವನ ಸನ್ನಿಧಿಯಲ್ಲಿ ಈ ಆಚರಣೆ ನಡೆಯುವುದು ಉಚಿತವಾಗಿಯೇ ಇದೆ.

ಹೀಗಿದ್ದರೂ ಈ ಕಥಾನಕವನ್ನು ಇಂದಿನ ನಿರುದ್ಯೋಗಕ್ಕೆ ಕನ್ನಡಿಯಾಗಿ ಹಿಡಿಯುವಾಗ ಎಚ್ಚರಿಕೆ ಅಗತ್ಯ. ಮೊದಲನೆಯದಾಗಿ, ಕೆಂಪಾಚಾರಿಯ ಕಸುಬನ್ನು ತೆಗೆದುಕೊಳ್ಳುವವನೇ ಅವನ ಹೊಣೆಯನ್ನೂ ಹೊರುತ್ತಾನೆ. ಗವಿಗೆ ತಳ್ಳಿದ ಗುರುವೇ ಅವನನ್ನು ಹೊರತೆಗೆಯುತ್ತಾನೆ, ಹೆಸರು ಕೊಡುತ್ತಾನೆ, ಕೆಲಸ ಹೇಳುತ್ತಾನೆ. ಕಾರ್ಖಾನೆ ನಿಂತಾಗ ಕೆಲಸ ತೆಗೆದುಕೊಂಡವರಿಗೂ ಕೆಲಸ ಕಳೆದವನಿಗೂ ನಡುವೆ ಅಂಥ ಬಾಧ್ಯತೆ ಉಳಿಯುವುದಿಲ್ಲ. ಲೆಕ್ಕ ಚುಕ್ತಾ ಆದೊಡನೆ ಸಂಬಂಧವೂ ಮುಗಿಯುತ್ತದೆ. ಆದ್ದರಿಂದ ನೋವೇ ಮನುಷ್ಯನನ್ನು ದೊಡ್ಡವನನ್ನಾಗಿಸುತ್ತದೆಂದು ಈ ಕಾವ್ಯವನ್ನು ಆಧಾರ ಮಾಡಿಕೊಂಡು ಹೇಳುವುದು ಕೆಲಸ ಕಳೆದವರಿಗೆ ಮಾಡುವ ಅನ್ಯಾಯ. ಬಾಧ್ಯತೆಯಿಲ್ಲದೆ ಪರೀಕ್ಷೆಗೊಡ್ಡುವ ಹಕ್ಕನ್ನು ಕಾವ್ಯ ಯಾರಿಗೂ ಕೊಟ್ಟಿಲ್ಲ. ಅಂಥ ಪರೀಕ್ಷೆ ನಡೆಸಿದ ಹಲಗೂರಿನವರನ್ನು ಅದು ಸೋಲಿಸುತ್ತದೆ.

ಎರಡನೆಯದಾಗಿ, ನಿಡಘಟ್ಟದ ಮನೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮಗನಿಗೆ ಮರುಹುಟ್ಟು ದೊರೆಯಿತು. ಮಗನನ್ನು ಕಳೆದುಕೊಂಡ ತಾಯಿಗೆ ದೊರೆತುದೇನು? ಅವಳ ಗೋಳನ್ನು ಕಾವ್ಯ ಕೇಳಿಸುತ್ತದೆ. ಅದಕ್ಕೆ ಪರಿಹಾರ ಹೇಳುವುದಿಲ್ಲ. ಮರಿಯೆಂಥಾಲಿನಲ್ಲಿ ಕಂಡಂತೆ ದುಡಿಯುವವನ ಕಾಲ ನಿಂತಾಗಲೂ ಮನೆಯ ಕಾಲ ನಿಲ್ಲುವುದಿಲ್ಲ. ಮಂಡ್ಯದ ಹಳ್ಳಿಗಳಲ್ಲಿ ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹಾಕಿ, ಬಟವಾಡೆಯ ಹಣದಲ್ಲಿ ಮನೆಯನ್ನು ನಡೆಸುವ ಹೆಂಗಸರ ದುಡಿಮೆಗೆ 'ಆಚಾರಿ', 'ಮೇಷ್ಟ್ರು' ಎಂಬಂಥ ಹೆಸರು ಅಂಟಿಕೊಂಡಿಲ್ಲ. ಹೆಸರಿಲ್ಲದ ದುಡಿಮೆಯು ಹೆಸರಿರುವ ದುಡಿಮೆ ಕುಸಿದಾಗ ಮನೆಯನ್ನು ಹಿಡಿದು ನಿಲ್ಲಿಸುತ್ತದೆ. ಈ ಕಾವ್ಯದ ಮುಂದಿನ ಅಧ್ಯಯನಗಳು ತಾಯಿಯ ಪ್ರಲಾಪವನ್ನು ಕರುಣರಸದ ಪ್ರಸಂಗವೆಂದಷ್ಟೇ ಕಾಣದೆ ದುಡಿಮೆಯ ಇನ್ನೊಂದು ಲೋಕದ ಸಾಕ್ಷ್ಯವಾಗಿ ಪರಿಶೀಲಿಸಬೇಕಾಗಿದೆ.

ಮೂರನೆಯದಾಗಿ, ಈ ಕಥೆಯನ್ನು ಹಾಡುವವರ ಕಸುಬೇ ಈಗ ಕ್ಷೀಣಿಸುತ್ತಿದೆ. ರಾತ್ರಿಯಿಡೀ ಹಾಡಿಸುವ ಮನೆಗಳು ಕಡಿಮೆಯಾಗಿವೆ. ಧ್ವನಿಮುದ್ರಣವು ಹಾಡನ್ನು ಉಳಿಸಿದರೂ ಹಾಡುಗಾರನ ಅಗತ್ಯವನ್ನು ತಗ್ಗಿಸಿದೆ. ಮನೆಮನೆಯ ಮುಂದೆ ಭಿಕ್ಷಾಪಾತ್ರೆ ಹಿಡಿದು ನಿಲ್ಲುವುದು ನೀಲಗಾರನಿಗೆ ದೀಕ್ಷೆಯ ಭಾಗ, ಅವನ ಗುರುಪರಂಪರೆಯ ಕೆಲಸ. ಶಾಲೆ ಕಲಿತ ಮಗನಿಗೆ ಅದು ಬರಿಯ ಬೇಡುವಿಕೆಯಾಗಿ ಕಾಣುತ್ತದೆ. ಅಕಾಡೆಮಿಗಳ ಪ್ರಶಸ್ತಿ, ಮಾಸಾಶನಗಳು ಕಲಾವಿದನಿಗೆ ಗೌರವ ತರುತ್ತವೆ. ಅವನನ್ನು ಕರೆದು ಹಾಡಿಸುವ ಮನೆಯನ್ನು ತರಲಾರವು. ಕಸುಬು ಕಳೆದವನ ಕಥೆಯನ್ನು ಕಸುಬು ಕಳೆಯುತ್ತಿರುವವನು ಹಾಡುವಾಗ ಹಾಡಿನ ಅರ್ಥವೇ ಬೇರೆಯಾಗುತ್ತದೆ ಎಂಬುದನ್ನು ಸಂಗ್ರಹಕಾರರು ಗಮನಿಸಬೇಕು. ಪಠ್ಯವನ್ನು ದಾಖಲಿಸುವಷ್ಟೇ ಮುತುವರ್ಜಿಯಿಂದ ಹಾಡುಗಾರನ ದುಡಿಮೆಯ ಚರಿತ್ರೆಯನ್ನೂ ದಾಖಲಿಸಬೇಕು.

7. ಸಮಾರೋಪ

ಒಟ್ಟಾರೆಯಾಗಿ ಸಿದ್ದಪ್ಪಾಜಿಯ ಕಥಾನಕವು ಕಸುಬಿನ ನಷ್ಟವನ್ನು ನಾಲ್ಕು ಹಂತಗಳಲ್ಲಿ ನಿರೂಪಿಸುತ್ತದೆ: ಹೆಸರಿನ ಲೋಪ, ಗವಿಯ ಕಾಲ, ಹಳೆಯ ಕಬ್ಬಿಣದ ಮುಂದೆ ಬರಿಗೈಯಲ್ಲಿ ನಿಲ್ಲುವುದು, ಜನರ ಸಾಲಿನಲ್ಲಿ ಸ್ಥಾನ ಪಡೆಯುವುದು. ಇವುಗಳಲ್ಲಿ ಯಾವ ಹಂತವನ್ನೂ ಒಬ್ಬನೇ ದಾಟಲಾಗದು ಎಂಬುದು ಕಾವ್ಯದ ಒಳನೋಟ. ಗವಿಯಿಂದ ತೆಗೆಯುವ ಕೈ, ಹೊಸ ಹೆಸರಿನಿಂದ ಕರೆಯುವ ಬಾಯಿ, ಎಡೆ ಹಾಕುವ ಪಂಕ್ತಿ ಇವು ಮೂರೂ ಪರರಿಂದ ಬರಬೇಕಾದವು. ಕೆಲಸ ಕಳೆದವನು ಆತ್ಮಬಲದಿಂದ ತಾನೇ ಎದ್ದು ನಿಲ್ಲಬೇಕೆಂಬ ಇಂದಿನ ಉಪದೇಶಗಳಿಗಿಂತ ನೀಲಗಾರರ ಈ ತಿಳಿವಳಿಕೆ ಹೆಚ್ಚು ವಾಸ್ತವವಾದುದು. ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲದಲ್ಲಿ ಹುಟ್ಟಿದ ಕಾವ್ಯವೊಂದು ಅದೇ ನೆಲದ ಇಂದಿನ ಸಂಕಟಕ್ಕೆ ಮದ್ದು ಕೊಡುತ್ತದೆಂದು ಹೇಳಲಾಗದು. ಆದರೆ ಗುತ್ತಲಿನ ಓಣಿಯಲ್ಲಿ ಕೆಲಸ ಬಿಟ್ಟು ಕುಳಿತವನನ್ನು ಊರು ಯಾವ ಹೆಸರಿನಿಂದ ಕರೆಯುತ್ತದೆ ಎಂಬುದು ಅವನ ಬದುಕಿನಷ್ಟೇ ಊರಿನ ಬದುಕನ್ನೂ ಕುರಿತ ಪ್ರಶ್ನೆ ಎಂಬುದನ್ನು ಅದು ಬಹಳ ಹಿಂದೆಯೇ ಕಂಡುಕೊಂಡಿದೆ.